ಬೀಟಿಯ ಮೂರುಕಾಲಿನ ಟೇಬಲ್ ಮತ್ತು ಅದರಲ್ಲಿದ್ದವರು

ಸೋಫಾದ ಪಕ್ಕಕ್ಕೆ ಒಂದು ಸಣ್ಣ ಟೇಬಲ್ ಆರಿಸುವುದರಲ್ಲಿ ಹೆದರುವಂಥದ್ದು ಎಂತ ಉಂಟು ಎಂದು ನೀವು ಕೇಳಬಹುದು. ದರ್ಬೆಯ ನನ್ನ ಅಂಗಡಿಯಲ್ಲಿ ಒಂದು ವಾರ ಕುಳಿತು ನೋಡಿ, ಆಮೇಲೆ ಕೇಳುವುದಿಲ್ಲ.

ಅಂಗಡಿಯ ಎಡಗಡೆ ಹೊಸದು. ಗಾಜಿನ ಹಾಸು, ಕಬ್ಬಿಣದ ಕಾಲು, ಮರದ ಹುಡಿ ಒತ್ತಿ ಮಾಡಿದ ಬೋರ್ಡು, ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬಂದು ನಾಲ್ಕು ಸ್ಕ್ರೂ ತಿರುಗಿಸಿದರೆ ನಿಲ್ಲುವಂಥವು. ಬಲಗಡೆ ಹಳತು. ಕೆಡವಿದ ಮನೆಗಳಿಂದ ಬಂದ ಬೀಟಿ, ಸಾಗುವಾನಿ, ಹಲಸು. ಹೊಸದಕ್ಕೆ ನಾನೊಬ್ಬ ಸಾಕು. ಹಳತಿನ ಕೀಲು ಬಿಚ್ಚಿ, ಉಜ್ಜಿ, ಪಾಲಿಶ್ ಕೊಟ್ಟು ಎಬ್ಬಿಸಿ ನಿಲ್ಲಿಸುವವರು ಒಬ್ಬರು ಆಚಾರಿ, ಎಪ್ಪತ್ತು ದಾಟಿದವರು. ಬಲಗಡೆಯ ಮಾಲು ಹೋಗುತ್ತಿದ್ದರೆ ಮಾತ್ರ ಅವರಿಗೆ ಕೆಲಸ. ಇದನ್ನು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ನಮ್ಮೂರಿನವರು ಹಳೆಯ ಸಾಮಾನು ಕೊಳ್ಳುವಾಗ ಮರ ಯಾವುದು ಎಂದು ಕೇಳುವುದು ಆಮೇಲೆ. ಮೊದಲು ಸ್ವರ ತಗ್ಗಿಸಿ, "ಯಾರ ಮನೆಯದ್ದು? ಅಲ್ಲಿ ಎಂತಾದ್ರೂ ಉಂಟಾ?" ಎಂದು ಕೇಳುತ್ತಾರೆ. ಎಂತಾದ್ರೂ ಎಂದರೆ ಕುಲೆ, ಸತ್ತ ಮೇಲೂ ಮನೆ ಬಿಟ್ಟು ಹೋಗದವರು. ಇಲ್ಲ ಎಂದರೆ ಯಾರೂ ನಂಬುವುದಿಲ್ಲ. ಹಾಗಾಗಿ ನಾನು ಉಂಟು ಎನ್ನತೊಡಗಿದೆ. ನನಗೂ ಹೊತ್ತು ಹೋಗಬೇಕಲ್ಲ.

ನಾಲ್ಕು ಗಂಟೆಯ ಕಾಫಿ

ಬೀಟಿ ಮರದ ಆ ಮೂರುಕಾಲಿನ ದುಂಡು ಟೇಬಲನ್ನು ಮೊದಲು ಕೊಂಡವರು ಇಲ್ಲೇ ದರ್ಬೆಯ ಒಬ್ಬರು ಟೀಚರು. ಗಂಡನನ್ನೂ ಕರೆದುಕೊಂಡು ಬಂದಿದ್ದರು. ಅವರೂ ಅದೇ ಪ್ರಶ್ನೆ ಕೇಳಿದರು. ನಾನು ಟೇಬಲಿನ ಮೇಲಿದ್ದ ಒಂದು ಲೋಟದ ಕಲೆ ತೋರಿಸಿ, ಇದರ ಯಜಮಾನರು ದಿನಾ ನಾಲ್ಕು ಗಂಟೆಗೆ ಇಲ್ಲಿ ಕಾಫಿ ಇಟ್ಟುಕೊಂಡು ಕುಳಿತುಕೊಳ್ಳುತ್ತಿದ್ದರು, ಒಂದು ದಿನ ಕಾಫಿ ಉಳಿಯಿತು, ಅವರು ಉಳಿಯಲಿಲ್ಲ ಎಂದೆ. ಕಲೆ ನಮ್ಮ ಆಚಾರಿಯ ಚಹಾದ್ದು.

ಟೀಚರು ನಕ್ಕು ಕೊಂಡುಹೋದರು. ನಾಲ್ಕನೆಯ ದಿನ ನಗದೆ ವಾಪಸು ತಂದರು. ನಾಲ್ಕು ಗಂಟೆಗೆ ಕಾಫಿ ಇಟ್ಟು ಒಳಗೆ ಚಕ್ಕುಲಿ ತರಲು ಹೋಗಿ ಬಂದರೆ ಲೋಟದಲ್ಲಿ ಅರ್ಧವೇ ಇರುತ್ತದಂತೆ. ಹಿಂದೆ ನಿಂತಿದ್ದ ಗಂಡನ ಮುಖ ನೋಡಿದೆ. ಡಾಕ್ಟರು ಅವರಿಗೆ ಸಕ್ಕರೆ ಕಾಫಿ ಬಿಡಿಸಿದ್ದು ನನಗೆ ಗೊತ್ತಿತ್ತು. ಅವರು ನನ್ನತ್ತ ನೋಡಿದ ನೋಟ ಹೇಗಿತ್ತೆಂದರೆ, ನಾನು ಬಾಯಿ ಮುಚ್ಚಿಕೊಂಡು ಅದರ ಬದಲಿಗೆ ಗಾಜಿನದ್ದು ಕೊಟ್ಟೆ.

ಮರುವಾರ ಟೀಚರಿಂದ ಫೋನು ಬಂತು.

"ಎಂತ ಮಾರಾಯ್ರೆ, ನೀವು ಎರಡನ್ನೂ ಒಟ್ಟಿಗೆ ಇಟ್ಟಿದ್ರಾ? ಅದು ಗಾಜಿನದ್ದಕ್ಕೆ ದಾಟಿದೆ."

ಕಡಬದ ಧೈರ್ಯವಂತ

ಎರಡನೆಯವರು ಕಡಬದ ರಬ್ಬರ್ ತೋಟದ ಧನಿ, ದೆವ್ವವೆಂದರೆ ನಗುವವರು. ಕುಲೆ ಇದ್ದರೆ ಅದರ ಕೈಯಿಂದ ರಬ್ಬರ್ ಹಾಲು ತೆಗೆಸುತ್ತೇನೆ, ಜನ ಸಿಗುವುದಿಲ್ಲ ಎಂದು ಬೀಟಿಯ ಟೇಬಲನ್ನೇ ಜೀಪಿಗೆ ಹಾಕಿಸಿಕೊಂಡರು.

ಅಷ್ಟು ಧೈರ್ಯ ಕಂಡರೆ ನನಗೆ ಕೈ ತುರಿಸುತ್ತದೆ. ಸುಬ್ರಹ್ಮಣ್ಯಕ್ಕೆ ಹೋಗುವ ದಾರಿ ಎಂಬ ನೆಪದಲ್ಲಿ ಒಂದು ಮಧ್ಯಾಹ್ನ ಅವರ ಮನೆಗೆ ಹೊಕ್ಕೆ. ಅವರು ಎಳನೀರು ತರಲು ಹಿತ್ತಿಲಿಗೆ ಹೋದಾಗ ಟೇಬಲನ್ನು ಒಂದು ಗೇಣು ಕಿಟಕಿಯತ್ತ ಸರಿಸಿದೆ. ಹತ್ತು ದಿನ ಬಿಟ್ಟು ಇನ್ನೊಮ್ಮೆ ಹೋಗಿ ಇನ್ನೊಂದು ಗೇಣು.

ತಿಂಗಳು ತುಂಬುವ ಮೊದಲೇ ಜೀಪು ನಮ್ಮ ಬಾಗಿಲಲ್ಲಿ ನಿಂತಿತು. ಧನಿಗಳು ಇಳಿಯಲಿಲ್ಲ. ಟೇಬಲನ್ನು ಆಚಾರಿ ಇಳಿಸಿಕೊಂಡರು. ಅದು ಕಿಟಕಿಯತ್ತ ಹೋಗುತ್ತಾ ಉಂಟು, ನಾನು ನೆಲಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ನೋಡಿದ್ದೇನೆ, ಎಂಟು ಸಲ ಸರಿದಿದೆ ಎಂದು ಧನಿಗಳು ಸ್ಟೇರಿಂಗ್ ನೋಡುತ್ತಾ ಹೇಳಿದರು.

ನಿಮ್ಮಲ್ಲಿ ಮುಚ್ಚಿಡುವುದಿಲ್ಲ. ಎರಡು ಸಲ ನಾನೇ. ಉಳಿದ ಆರು ಸಲದ್ದು ನನಗೆ ಗೊತ್ತಿಲ್ಲ.

ಆಚಾರಿಯ ಸಂಚಿ

ಸುದ್ದಿ ನೋಡುತ್ತಿದ್ದಂತೆ ಸುಳ್ಯದವರೆಗೂ ಮುಟ್ಟಿತು. ಬಂದವರೆಲ್ಲ ಬಾಗಿಲು ದಾಟಿದ ಕೂಡಲೇ ಎಡಕ್ಕೆ ತಿರುಗತೊಡಗಿದರು. ಬಲಗಡೆ ಬೀಟಿಯದ್ದು, ಹಲಸಿನದ್ದು, ಸಾಗುವಾನಿಯದ್ದು, ಮೂರು ಟೇಬಲ್ ಹಾಗೇ ಕುಳಿತವು. ಅವು ಹೋಗದೆ ಬೇರೆ ಹಳತು ತರುವ ಹಾಗಿಲ್ಲ.

ಒಂದು ಬೆಳಿಗ್ಗೆ ಆಚಾರಿ ಉಳಿ, ಕೊಡತಿ ಎಲ್ಲ ಸಂಚಿಗೆ ತುಂಬಿಸುತ್ತಿದ್ದರು. ಪಂಜದಲ್ಲಿ ಅಳಿಯನ ಮನೆ ಉಂಟು, ಅಲ್ಲಿ ಹೋಗಿ ಟಿವಿ ನೋಡುತ್ತೇನೆ ಎಂದರು. ತಮಾಷೆಯೆಂದು ನಗಲು ಹೋದೆ. ಅವರು ನಗಲಿಲ್ಲ.

"ನಿಮ್ಮ ಬಾಯಿಗೆ ನನ್ನ ಕೆಲಸ ಹೋಯ್ತು. ಉಳಿ ಹಿಡಿಯದ ಕೈ ಇಟ್ಕೊಂಡು ಮೂಲೆಯಲ್ಲಿ ಕೂತರೆ ನಾನೂ ಕುಲೆಯೇ ಅಲ್ವಾ?"

ಇಪ್ಪತ್ತು ವರ್ಷದಲ್ಲಿ ಅವರು ನನಗೆ ಜೋರು ಮಾಡಿದ್ದು ಅದೊಂದೇ ಸಲ. ಹತ್ತು ದಿನ ಕೊಡಿ, ಮೂರರಲ್ಲಿ ಒಂದನ್ನಾದರೂ ಕಳಿಸುತ್ತೇನೆ ಎಂದು ಬೇಡಿಕೊಂಡೆ. ಎಡಗಡೆಯ ಹೊಸ ಟೇಬಲುಗಳಲ್ಲೂ ಕುಲೆ ಉಂಟೆಂದು ಸುದ್ದಿ ಹಬ್ಬಿಸಲೇ, ಎರಡೂ ಸಮ ಆಗುತ್ತದೆ ಎಂದೂ ಕೇಳಿದೆ.

ಆಚಾರಿ ಹೊಸದೊಂದರ ಕಾಲು ಅಲ್ಲಾಡಿಸಿ ನೋಡಿದರು. "ಈ ಬೋರ್ಡಿನಲ್ಲಿ ಸ್ಕ್ರೂವೇ ನಿಲ್ಲುದಿಲ್ಲ. ಕುಲೆ ನಿಲ್ತದಾ?"

ಮಂಡೆಕೋಲಿನ ಅಮ್ಮ

ಒಂಬತ್ತನೆಯ ದಿನ ಮಂಡೆಕೋಲಿನಿಂದ ಒಬ್ಬರು ಅಮ್ಮ ಬಂದರು. ಒಳಗೆ ಬಂದವರು ನೇರ ಬಲಕ್ಕೆ ತಿರುಗಿದರು. ಆಚಾರಿ ಸಂಚಿ ಕೆಳಗಿಟ್ಟರು.

"ಕುಲೆ ಇದ್ದದ್ದು ಯಾವುದು?" ಎಂದು ಅಮ್ಮ ಕೇಳಿದರು.

ನಾನು ಜೀವಮಾನದಲ್ಲಿ ಮೊದಲ ಸಲ ನಿಜ ಹೇಳಿದೆ. ಯಾವುದರಲ್ಲೂ ಇಲ್ಲ ಅಮ್ಮ, ಎಲ್ಲ ನಾನು ಹುಟ್ಟಿಸಿದ ಕಥೆ ಎಂದೆ. ಅವರ ಮುಖ ಬಾಡಿತು. ತಿರುಗಿ ಹೊರಡಲು ನೋಡಿದರು. ಹಿಂದಿನಿಂದ ಆಚಾರಿ ನನ್ನ ಬೆನ್ನಿಗೆ ಚುಚ್ಚಿದರು, ಉಳಿಯಿಂದಲೋ ಬೆರಳಿನಿಂದಲೋ ಈಗಲೂ ಗೊತ್ತಿಲ್ಲ.

ಕುಲೆ ಎಂತಕ್ಕೆ ಎಂದು ಕೇಳಿ ಅಮ್ಮನನ್ನು ನಿಲ್ಲಿಸಿದೆ. ಸಂಗತಿ ಇಷ್ಟು. ಮಗ ಸೊಸೆ ಹೊಸ ಮನೆ ಕಟ್ಟಿ ಚಂದ ಮಾಡಿ ಎಲ್ಲ ಹೊಸದು ತಂದಿಟ್ಟಿದ್ದಾರೆ. ಮಳೆಗಾಲದ ಆಟಿ ತಿಂಗಳಲ್ಲಿ ಸತ್ತ ಹಿರಿಯರಿಗೆ ಬಡಿಸಿದಾಗ ಅಮ್ಮನ ತೀರಿಹೋದ ಯಜಮಾನರು ಬಂದ ಲಕ್ಷಣವೇ ಇಲ್ಲ. ಜೋಯಿಸರು ಕವಡೆ ಹಾಕಿ ನೋಡಿ, ಅವರು ಗೇಟಿನವರೆಗೆ ಬಂದಿದ್ದಾರೆ, ಒಳಗೆ ಗುರುತಿನದ್ದು ಒಂದೂ ಇಲ್ಲದೆ ಹೊರಗೇ ನಿಂತಿದ್ದಾರೆ ಎಂದರಂತೆ.

"ಸೊಸೆ ತಂದದ್ದು ಗಾಜಿನ ಟೇಬಲು. ಆಚೆಯಿಂದ ಈಚೆ ಕಾಣ್ತದೆ. ಅವರಿಗೆ ಅಲ್ಲಿ ಕೂರ್ಲಿಕ್ಕೆ ನಾಚಿಕೆ ಆಗುದಿಲ್ವಾ?" ಎಂದರು ಅಮ್ಮ. "ಮೊದಲೇ ಒಬ್ಬರು ಇದ್ದ ಹಳೆ ಟೇಬಲಾದರೆ, ಬನ್ನಿ ಅಂತ ಕರೀಲಿಕ್ಕೆ ಒಳಗೆ ಜನ ಆಯ್ತು."

ಕುಲೆ ಇಲ್ಲವೆಂಬ ನನ್ನ ಮಾತಿನಲ್ಲಿ ಅವರಿಗೆ ನಂಬಿಕೆ ಬರಲಿಲ್ಲ. ಬೀಟಿಯದ್ದನ್ನು ಹಿಂದಿನ ಕೋಣೆಗೆ ಇಡಿಸಿ, ಮೇಲೆ ಎರಡು ವೀಳ್ಯದೆಲೆ, ಒಂದು ಹೋಳು ಅಡಿಕೆ ಇಟ್ಟು ಬಾಗಿಲು ಎಳೆದರು. ಹಿರಿಯರಿಗೆ ಬಡಿಸಿದಾಗ ಮಾಡುವ ಕ್ರಮವೇ ಅದು. ಕಾಲು ಗಂಟೆ ಮೂವರೂ ಹೊರಗೆ ನಿಂತೆವು. ಒಳಗಿದ್ದವರಿಗೆ ಎದ್ದು ಸರಿಯಲು ಹೊತ್ತು ಸಿಗಲಿ ಎಂದು ಅಮ್ಮ ಮೂರು ಸಲ ತಟ್ಟಿ ಬಾಗಿಲು ತೆರೆದರು.

ಎಲೆ ಎರಡೂ ಇದ್ದವು. ಅಡಿಕೆ ಇರಲಿಲ್ಲ.

ಅಮ್ಮನಿಗೆ ಸಂತೋಷವೋ ಸಂತೋಷ. ಟೇಬಲನ್ನು ರಿಕ್ಷಾಕ್ಕೆ ಏರಿಸಿ ಕಳಿಸಿದ ಮೇಲೆ ಆಚಾರಿ ಮೆಚ್ಚಿ ತಲೆಯಾಡಿಸಿದರು. ಹೇಗೆ ಮಾಡಿದ್ರೋ ಗೊತ್ತಿಲ್ಲ, ಮಾಡಿದ್ದು ಚಂದ ಆಯ್ತು ಎಂದರು. ಮಾಡಿದ್ದು ನೀವೆಂದು ನಾನು ತಿಳಿದಿದ್ದೆ ಎಂದೆ. ಆ ಕೋಣೆಗೆ ಇರುವುದು ಒಂದೇ ಬಾಗಿಲು, ಅದರ ಮುಂದೆ ನಾವೇ ನಿಂತಿದ್ದೆವು.

ಆ ದಿನ ಅಂಗಡಿ ಮೂರು ಗಂಟೆಗೇ ಮುಚ್ಚಿತು.

ಇನ್ನೊಂದು ಉಂಟಾ?

ಎಂಟು ದಿನ ಕಳೆದು ಅಮ್ಮನ ಫೋನು ಬಂತು. ಇದೂ ವಾಪಸು ಎಂದುಕೊಂಡೆ. ಆಚಾರಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದೆ. ಅವರು ಪಂಜದ ಬಸ್ಸಿನ ಹೊತ್ತು ಲೆಕ್ಕ ಹಾಕುತ್ತಿದ್ದಂತೆ ಕಂಡಿತು.

ಟೇಬಲು ಚಂದ ಉಂಟು ಎಂದರು ಅಮ್ಮ. ಅದು ಬಂದ ದಿನವೇ ಯಜಮಾನರು ಒಳಗೆ ಬಂದಿದ್ದಾರಂತೆ. ಆದರೆ ನಮ್ಮ ಟೇಬಲಿನವರೊಟ್ಟಿಗೆ ಗೆಳೆತನ ಹೆಚ್ಚಾಗಿ ಬೆಳಗಿನಿಂದ ಸಂಜೆವರೆಗೆ ಅವರಿಬ್ಬರದ್ದೇ ಮಾತು, ಪಟ್ಟಾಂಗವಂತೆ. ಮಗ ಸೊಸೆ ಕೆಲಸಕ್ಕೆ ಹೋಗುತ್ತಾರೆ. ತಾನು ಎದುರಿಗೇ ಕೂತರೂ ಯಜಮಾನರು ಈ ಕಡೆ ತಿರುಗುವುದಿಲ್ಲವಂತೆ. ಇನ್ನೊಂದು ಹಳೆ ಟೇಬಲು ಬೇಕು ಎಂದರು.

ಆಚಾರಿ ಆಗಲೇ ಸಂಚಿಯಿಂದ ಉಜ್ಜುವ ಕಾಗದ ತೆಗೆದಿದ್ದರು. ಹಲಸಿನದ್ದು ಉಂಟು, ಸಾಗುವಾನಿ ಉಂಟು, ಯಾವುದಾಗಬೇಕಮ್ಮ ಎಂದು ಕೇಳಿದೆ.

"ಮರ ಯಾವುದಾದ್ರೂ ಆಗ್ತದೆ ಮಾರಾಯ್ರೆ. ಹೆಂಗಸು ಇದ್ದದ್ದು ಕೊಡಿ. ನನಗೂ ಮಾತಾಡ್ಲಿಕ್ಕೆ ಒಬ್ಬರು ಬೇಡ್ವಾ?"