ಅರವತ್ತು ಗೋಲಿನ ಮಾಸ್ತರ

ಇಷ್ಟೆಲ್ಲ ಆದದ್ದು ಒಂದು ವಾಟ್ಸ್ಯಾಪ್ ಸಂದೇಶದಿಂದ. ಯರಗಟ್ಟಿಯ ಡ್ರಿಲ್ ಮಾಸ್ತರ ಮಡಿವಾಳೆಪ್ಪನವರು ಕಿರ್ಗಿಸ್ತಾನದ ಚಳಿಯಲ್ಲಿ ಎರಡು ಕಂಬಳಿ ಹೊದ್ದು, ಒಂದು ಬೆರಳನ್ನಷ್ಟೇ ಹೊರಗೆ ಚಾಚಿ, ಸಾಲೆಯ ಗುಂಪಿಗೆ ಬರೆದದ್ದು ಇಷ್ಟೇ: ‘ನಾಲ್ಕೂ ಮ್ಯಾಚ್ ಮುಗಿದವು. ಒಟ್ಟು ಅರವತ್ತು ಗೋಲು.’

ಯಾರು ಯಾರಿಗೆ ಹೊಡೆದರು ಎಂದು ಬರೆಯಲು ಬೆರಳು ಏಳಲಿಲ್ಲ. ಅದಕ್ಕೆ ಅವರು ಚಳಿಯನ್ನು ದೂರಿದರು. ನಿಜವೆಂದರೆ ಅರವತ್ತೂ ಗೋಲು ಹೊಡೆಸಿಕೊಂಡವರು ನಮ್ಮ ಹುಡುಗಿಯರೇ.

ಮಡಿವಾಳೆಪ್ಪನವರಿಗೂ ಐಸ್ ಹಾಕಿಗೂ ಇದ್ದ ನಂಟು ಎಮ್ಮೆಗೂ ಏಣಿಗೂ ಇರುವಷ್ಟು. ಇಪ್ಪತ್ತು ವರ್ಷ ಖೋ ಖೋ ಕಲಿಸಿದವರು ಅವರು. ಆದರೆ ಅವರ ಸಾಲೆಯ ಸಪ್ನಾ, ಗಾಲಿಬೂಟಿನ ಸ್ಕೇಟಿಂಗಿನಲ್ಲಿ ಬೆಳಗಾವಿಯಲ್ಲಿ ಹೆಸರು ಮಾಡಿದ ಹುಡುಗಿ, ಕಿರ್ಗಿಸ್ತಾನಕ್ಕೆ ಆಡಲು ಹೊರಟ ದೇಶದ ಹದಿನಾರರ ಒಳಗಿನವರ ತಂಡಕ್ಕೆ ಗೋಲು ಕಾಯುವ ಗೋಲಿಯಾಗಿ ಆಯ್ಕೆಯಾದಳು. ತಂಡಕ್ಕೆ ಕೋಚ್ ಬೇರೆ ಇದ್ದರು. ಜೊತೆಗೊಬ್ಬ ಮ್ಯಾನೇಜರ್ ಬೇಕಿತ್ತು. ಸುತ್ತಲ ಡ್ರಿಲ್ ಮಾಸ್ತರರಲ್ಲಿ ಪಾಸ್‌ಪೋರ್ಟ್ ಇದ್ದವರು ಇವರೊಬ್ಬರೇ. ಅದೂ ಭಾವಮೈದುನ ದುಬೈಗೆ ಕರೆಸುತ್ತೇನೆಂದು ಹೇಳಿ ಮರೆತದ್ದರಿಂದ.

ಗಾಲಿಯನ್ನಷ್ಟೇ ಕಂಡಿದ್ದ ಹುಡುಗಿಯರು ಬರ್ಫದ ಮೇಲೆ, ಆ ಮಂಜುಗಡ್ಡೆಯಲ್ಲಿ ಜಾರುತ್ತ, ಮೊದಲ ಮ್ಯಾಚಿನಲ್ಲಿ ಇಪ್ಪತ್ತೊಂದು ಗೋಲು ತಿಂದರು. ಅವತ್ತು ಸಂಜೆಯೇ ಸಪ್ನಾ ಗೆದ್ದ ಹುಡುಗಿಯರ ಬಳಿ ಹೋಗಿ, ಕೈಸನ್ನೆಯಲ್ಲೇ ಕೇಳಿ ಕೇಳಿ ಒಂದು ವಹಿಯಲ್ಲಿ ಬರೆದುಕೊಂಡಳು. ಉಸಿರು ಹೋಗುವ ತನಕ ಒಬ್ಬಳೇ ಆಡಬಾರದು, ಮುಕ್ಕಾಲು ನಿಮಿಷಕ್ಕೊಮ್ಮೆ ಇನ್ನೊಬ್ಬಳಿಗೆ ಜಾಗ ಬಿಡಬೇಕು. ಬೀಳುವಾಗ ಮೊದಲು ಮೊಣಕಾಲು ಊರಬೇಕು. ಹೀಗೆ ಕಲಿಯುತ್ತ ಹೋದಂತೆ ಗೋಲು ಹದಿನೇಳಾದವು, ಹದಿಮೂರಾದವು, ಕೊನೆಗೆ ಒಂಬತ್ತಾದವು. ಇನ್ನೆರಡು ಮ್ಯಾಚ್ ಸಿಕ್ಕಿದ್ದರೆ ಒಂದಕ್ಕೆ ಇಳಿಯುತ್ತಿತ್ತು ಎಂಬುದು ಮಡಿವಾಳೆಪ್ಪನವರ ಲೆಕ್ಕ.

ಮರಳಿ ಬಂದು ಯರಗಟ್ಟಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಬ್ಯಾಂಡಿನವರು ನಿಂತಿದ್ದರು. ಮೇಲೆ ಫ್ಲೆಕ್ಸು: ‘ಅರವತ್ತು ಗೋಲಿನ ಮಾಸ್ತರರಿಗೆ ಸ್ವಾಗತ.’

ಸಪ್ನಾ ಮೆಲ್ಲಗೆ ಅಂದಳು, “ಸರ್, ಇವರಿಗೆ ಖರೇ ಹೇಳಿಬಿಡ್ರಿ.”

“ಹೇಳತೇನಿ. ಮೊದಲ ಮಾಲಿ ಹಾಕಿ ಮುಗಸಲಿ.”

ಮಾಲೆ ಕೊರಳಿಗೆ ಬಿದ್ದ ಮೇಲೆ ಮಡಿವಾಳೆಪ್ಪನವರು ಅದನ್ನು ನೆಟ್ಟಗೆ ಮಾಡಿಕೊಂಡರು. ಸಾಲೆಯ ಅಧ್ಯಕ್ಷ ಭರಮಪ್ಪ ಸಾವಕಾರರನ್ನು ಪಕ್ಕಕ್ಕೆ ಕರೆದು, ಆ ಅರವತ್ತು ಅಂದರೆ ಏನಂದರೆ ಎಂದು ಶುರು ಮಾಡಿದರು. ಸಾವಕಾರರು ಬೆನ್ನು ತಟ್ಟಿ, “ಸಣ್ಣ ಮಾತೇನ್ರಿ ಮಾಸ್ತರ? ನಮ್ಮ ತಾಲೂಕಿನ್ಯಾಗ ಇಂಥಾದ್ದು ಯಾರೂ ಕಂಡಿಲ್ಲ” ಎನ್ನುತ್ತ ಟ್ರ್ಯಾಕ್ಟರ್ ಹತ್ತಿಸಿದರು.

ಮೆರವಣಿಗೆ ಚಹಾದಂಗಡಿಯ ಮುಂದೆ ನಿಂತಿತು. ಅಲ್ಲಿಯವರು ಹೇಗೆ ಆಡುತ್ತಾರೆ ಎಂದು ಯಾರೋ ಕೇಳಿದರು. ಖರೇ ಹೇಳಲು ಅದೇ ಒಳ್ಳೆಯ ಸಂದರ್ಭ. ಆದರೆ ಮಾಲೆ ಹಾಕಿಕೊಂಡ ಮನುಷ್ಯನ ನಾಲಿಗೆ ಅವನ ಮಾತು ಕೇಳುವುದಿಲ್ಲ. “ಆಡತಾರ, ಪಾಪ” ಅಂದುಬಿಟ್ಟರು. ಸಪ್ನಾಳ ಚಹಾ ಮೂಗಿಗೆ ಹತ್ತಿತು.

ಮನೆಯಲ್ಲಿ ಹೆಂಡತಿ ರಾಚವ್ವ ತಾಟು ಇಡುತ್ತ ಕೇಳಿದಳು, “ಅರವತ್ತು ಹೊಡದ್ರೋ, ಹೊಡಸಿಕೊಂಡ್ರೋ?”

ಮಡಿವಾಳೆಪ್ಪನವರು ಮೊದಲು ರೊಟ್ಟಿ ನೀಡು ಎಂದರು. ಅವಳು ಒಲೆಯ ಕಡೆ ತಿರುಗಿದಳು. ಅವಳ ಭುಜ ಅಲುಗುತ್ತಿತ್ತು. ಕೆಮ್ಮೇನೋ ಎಂದುಕೊಂಡರು.

ಸಂಜೆ ನಾಲ್ಕಕ್ಕೆ ಸಾಲೆಯ ಮೈದಾನದಲ್ಲಿ ಸತ್ಕಾರ. ಹೋಗಿ ನೋಡಿದರೆ ತಾಡಪತ್ರಿಯ ಮೇಲೆ ಕಟ್ಟಿಗೆ ಹೊಟ್ಟು ಉದುರಿಸಿ, ಬರ್ಫದ ದೊಡ್ಡ ದೊಡ್ಡ ಗಡ್ಡೆ ಜೋಡಿಸಿ, ಒಂದು ಕಣದಷ್ಟು ಅಂಗಳ ಮಾಡಿದ್ದರು. ಏಪ್ರಿಲ್ ಬಿಸಿಲಿಗೆ ಅದು ಬೆವರುತ್ತಿತ್ತು. ಮಾಸ್ತರರು ಅದಕ್ಕಿಂತ ಹೆಚ್ಚು ಬೆವರಿದರು.

ಮಾಸ್ತರರೇ ಮೊದಲು ಆಡಿ ತೋರಿಸಬೇಕು ಎಂದು ಸಾವಕಾರರು ಮೈಕಿನಲ್ಲಿ ಸಾರಿದರು. ಮಡಿವಾಳೆಪ್ಪನವರು ಮೊಣಕಾಲು ನೋವೆಂದರು. ಯಾರೋ ಮುಲಾಮು ತಂದರು. ಅಳತೆಯ ಬೂಟಿಲ್ಲ ಎಂದರು. ಬೆಳಗಾವಿಯಿಂದ ಬರ್ಫದ ಮೇಲೆ ಜಾರುವ ಹತ್ತನೇ ನಂಬರಿನ ಅಲಗುಬೂಟು ಆಗಲೇ ಬಂದಿತ್ತು.

ಇಬ್ಬರು ಹಿಡಿದು ನಿಲ್ಲಿಸಿದರು, ಕೈ ಬಿಟ್ಟರು. ಒಂದು ಕಾಲು ಸವದತ್ತಿಯ ಕಡೆ ಹೊರಟಿತು, ಇನ್ನೊಂದು ಬೈಲಹೊಂಗಲದ ಕಡೆ. ಮಧ್ಯದಲ್ಲಿದ್ದ ಮಾಸ್ತರರು ಎಲ್ಲಿಗೂ ಹೋಗಲಾರದೆ ದೊಪ್ಪನೆ ಕುಳಿತರು. ಕುಳಿತಲ್ಲಿಂದಲೇ ಜಾರಿ, ವೇದಿಕೆಯ ಗಳಕ್ಕೆ ಬಡಿದರು. ಬಸ್‌ಸ್ಟ್ಯಾಂಡಿನಿಂದ ತಂದು ಕಟ್ಟಿದ್ದ ಫ್ಲೆಕ್ಸು ಕಳಚಿ ತಲೆಯ ಮೇಲೆ ಬಿತ್ತು. ಶಿಳ್ಳೆ ಹಾಕದವರು ಉಳಿಯಲಿಲ್ಲ.

“ಸರ್, ಮೊದಲ ಮೊಣಕಾಲ ಊರಬೇಕಾಗಿತ್ತು” ಎಂದು ಸಪ್ನಾ ಓಡಿ ಬಂದು ಎಬ್ಬಿಸಿದಳು.

ಸೊಂಟದ ನೋವು ಮನುಷ್ಯನನ್ನು ಪ್ರಾಮಾಣಿಕನನ್ನಾಗಿ ಮಾಡುತ್ತದೆ. ಮಡಿವಾಳೆಪ್ಪನವರು ಕುಂಟುತ್ತ ಹೋಗಿ ಮೈಕು ಹಿಡಿದರು.

“ಅರವತ್ತೂ ಗೋಲು ನಮಗ ಬಿದ್ದದ್ದು. ನಾವು ಹೊಡದದ್ದು ಒಂದೂ ಇಲ್ಲ. ನಾಚಿಕಿ ಬಂದು ನಾ ಮುಚ್ಚಿಟ್ಟೆ. ತಪ್ಪು ನಂದು, ಹುಡುಗಿದಲ್ಲ.”

ಚಪ್ಪಲಿ ಯಾವ ದಿಕ್ಕಿನಿಂದ ಬರಬಹುದೆಂದು ಅವರು ನೋಡುತ್ತಿದ್ದಾಗ, ಮುಂದಿನ ಸಾಲಿನಲ್ಲಿದ್ದ ಸಪ್ನಾಳ ಅಜ್ಜಿ ಚನ್ನವ್ವ ಎಲೆ-ಅಡಿಕೆಯನ್ನು ದವಡೆಯ ಬದಿಗೆ ಸರಿಸಿದಳು.

“ಗೊತ್ತೈತಿ ಬಿಡ್ರಿ ಮಾಸ್ತರ. ನಾಲ್ಕೂ ಮ್ಯಾಚು ಇದ ಸಾಲಿಯ ದೊಡ್ಡ ಟಿವಿಯೊಳಗ ಕುಂತು ನೋಡೇವಿ.”

ಕಿರ್ಗಿಸ್ತಾನದವರು ಪ್ರತಿ ಮ್ಯಾಚನ್ನೂ ಯೂಟ್ಯೂಬಿಗೆ ಹಾಕುತ್ತಿದ್ದರಂತೆ. ಊರಿಗೆ ಊರೇ ಕೂತು ನೋಡಿತ್ತು. ಒಳಗೆ ಹೋದ ಗೋಲನ್ನು ಎಲ್ಲರೂ ಎಣಿಸಿದರೆ, ಚನ್ನವ್ವ ಮಾತ್ರ ಮೊಮ್ಮಗಳು ತಡೆದದ್ದಕ್ಕೆ ಒಂದೊಂದು ಜೋಳದ ಕಾಳು ತೆಗೆದಿಟ್ಟಿದ್ದಳು. ಇನ್ನೂರಾ ಹನ್ನೆರಡು ಕಾಳು. ಸತ್ಕಾರ ಇದ್ದದ್ದು ಅದಕ್ಕೆ. ಫ್ಲೆಕ್ಸು ಬರೆಸಿದ್ದು ಮಾತ್ರ ಮಾಸ್ತರರನ್ನು ಕೆಣಕಲು. ಸಾವಕಾರರು ಶಾಲನ್ನು ಮಾಸ್ತರರ ಮುಂದಿನಿಂದಲೇ ಒಯ್ದು ಸಪ್ನಾಳಿಗೆ ಹೊದಿಸಿದರು. ಅವಳು ವಹಿ ತೆಗೆದು ಕಲಿತದ್ದನ್ನೆಲ್ಲ ಓದಿದಳು. ಜನ ಉಸಿರು ಬಿಗಿಹಿಡಿದು ಕೇಳಿದರು.

ಮಡಿವಾಳೆಪ್ಪನವರಿಗೆ ಒಂದೇ ಸಂಶಯ ಉಳಿಯಿತು. “ಎಲ್ಲಾ ಗೊತ್ತಿದ್ದ ಮ್ಯಾಲೆ ಈ ಬರ್ಫ ಯಾಕ ತರಿಸಿದ್ರಿ ಸಾವಕಾರ್ರ?”

ಭರಮಪ್ಪ ಸಾವಕಾರರು ಆ ಕಡೆ ಈ ಕಡೆ ನೋಡಿದರು. “ಸಿಟ್ಟ ಮಾಡಬ್ಯಾಡ್ರಿ. ಮೂರನೇ ಮ್ಯಾಚಿನ್ಯಾಗ ನೀರಿನ ಬಾಟ್ಲಿ ಕೊಡಾಕ ಹೋಗಿ ಬಿದ್ರಲ್ಲ, ನಾಲ್ಕು ಮಂದಿ ಎಳಕೊಂಡು ಹೋದ್ರು? ಅದನ್ನ ಹನ್ನೊಂದು ಸಲ ಹಾಕಿ ನೋಡೇವಿ. ಎದುರಿಗೆ ನೋಡಬೇಕಂತ ಮಂದಿ ಹಟ ಹಿಡದ್ರು.”

ಕತ್ತಲಾಗುವ ಮೊದಲೇ ಸವದತ್ತಿಯಿಂದ ಕರೆ ಬಂತು. ಐತವಾರ ಸಪ್ನಾ ಬಂದು ಅಲ್ಲಿಯ ಮಕ್ಕಳಿಗೂ ಹೇಳಿಕೊಡಬೇಕು, ಮಾಸ್ತರರನ್ನು ತಪ್ಪದೆ ಕರೆತರಬೇಕು, ಬರ್ಫಕ್ಕೆ ಆಗಲೇ ಹೇಳಿದ್ದೇವೆ ಎಂದು. ಸಾವಕಾರರು ಇಬ್ಬರ ಪರವಾಗಿಯೂ ಒಪ್ಪಿಬಿಟ್ಟಿದ್ದರು.

ಮನೆಯಲ್ಲಿ ರಾಚವ್ವ ಬಿಸಿ ಉಪ್ಪಿನ ಗಂಟು ಮಾಡಿ ಗಂಡನ ಸೊಂಟಕ್ಕೆ ಶಾಖ ಕೊಡುತ್ತಿದ್ದಳು. ಕವುಚಿ ಮಲಗಿದ್ದ ಮಡಿವಾಳೆಪ್ಪನವರು ದಿಂಬಿನೊಳಗಿಂದಲೇ ಕೇಳಿದರು, “ನಿನಗೂ ಎಲ್ಲಾ ಗೊತ್ತಿತ್ತು. ಮುಂಜಾನೆ ಒಂದ ಮಾತು ಹೇಳಬಾರದಾಗಿತ್ತೇನ?”

“ಹೇಳಿದ್ರ ನೀವು ಬರ್ಫದ ಮ್ಯಾಲೆ ಹೋಗತಿದ್ರೇನ್ರಿ?” ಎಂದಳು ರಾಚವ್ವ, ಗಂಟನ್ನು ಇನ್ನೊಂದು ಬದಿಗೆ ಒತ್ತುತ್ತ. “ಮೂರನೇ ಮ್ಯಾಚಿನ ದಿನ ನಾ ಸಿರಸಂಗಿಗೆ ತವರಮನಿಗೆ ಹೋಗಿದ್ದೆ. ಊರಾಗ ನೀವು ಬಿದ್ದದ್ದ ನೋಡದಾಕಿ ನಾ ಒಬ್ಬಾಕೇ ಉಳದಿದ್ದೆ.”