ಸಮುದ್ರವಿಲ್ಲದ ದೇಶ ನಮ್ಮಿಂದ ಮೇಲೆ

ಹೋಲಿಸುವುದು ಮೇಷ್ಟರುಗಳಿಗೆ ಅಂಟಿದ ರೋಗ. ಮದುವೆ ಮನೆಯ ಪಂಕ್ತಿಯಲ್ಲಿ ಕುಳಿತರೂ ಎಡಗಡೆಯವರ ಎಲೆಗೆ ಎಷ್ಟು ಹೋಳಿಗೆ ಬಿತ್ತು, ಬಲಗಡೆಯವರಿಗೆ ಎಷ್ಟು ಎಂದು ನೋಡಿಯೇ ನನ್ನ ಎಲೆಗೆ ಕೈ ಹಾಕುವವನು ನಾನು. ನನ್ನ ಹೆಂಡತಿ ಇದನ್ನು ಹೊಟ್ಟೆಕಿಚ್ಚು ಎನ್ನುತ್ತಾಳೆ. ನಾನು ತೌಲನಿಕ ಅಧ್ಯಯನ ಎನ್ನುತ್ತೇನೆ. ಈ ಅಧ್ಯಯನದಿಂದ ಲೋಕಕ್ಕೆ ಉಪಕಾರವಾದದ್ದು ಒಂದೇ ಒಂದು ಸಲ. ಅದೂ ನನ್ನ ಉದ್ದೇಶದಿಂದಲ್ಲ.

ಕುಂದಾಪುರದ ಕೋಡಿಯ ಹತ್ತಿರ ಒಂದು ಹೈಸ್ಕೂಲಿನಲ್ಲಿ ಆಗ ನಾನು ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ಒಂದು ಪತ್ರಿಕೆಯಲ್ಲಿ ಪಟ್ಟಿಯೊಂದು ಬಂದಿತ್ತು: ಯಾವ ದೇಶದ ವಯಸ್ಕರು ಸರಾಸರಿ ಎಷ್ಟು ವರ್ಷ ಶಾಲೆಗೆ ಹೋಗಿದ್ದಾರೆ ಎಂಬ ಲೆಕ್ಕ. ಇಪ್ಪತ್ತೈದು ದಾಟಿದವರು ಮಾತ್ರ ಲೆಕ್ಕಕ್ಕೆ. ಫೇಲಾಗಿ ಕೂತ ವರ್ಷ ಲೆಕ್ಕಕ್ಕಿಲ್ಲ. ಅದನ್ನು ಕಂಡ ಕೂಡಲೇ ನನ್ನ ರೋಗ ಕೆರಳಿತು. ಒಂಬತ್ತನೆಯ ತರಗತಿಯವರನ್ನು ಶಾಲೆಯ ಹಿಂದಿನ ಮೀನುಗಾರರ ಕೇರಿಗೆ ಅಟ್ಟಿ, ಮನೆಮನೆಯಿಂದ ಮಾಹಿತಿ ತರಿಸಿದೆ. ನಲವತ್ತು ಮಂದಿ ವಯಸ್ಕರು, ಎಲ್ಲರದೂ ಸೇರಿ ಇನ್ನೂರು ವರ್ಷ, ಸರಾಸರಿ ಐದು. ದೇಶಗಳ ಪಟ್ಟಿಯಲ್ಲಿ ನಮ್ಮ ಕೇರಿಗೆ ಸಿಕ್ಕಿದ ಜಾಗ ಬಹಳ ಕೆಳಗೆ, ಭೂಗೋಳದ ಮೇಷ್ಟ್ರಾದ ನಾನೂ ನಕಾಶೆಯಲ್ಲಿ ಹುಡುಕಬೇಕಾದಂಥ ಎರಡು ದೇಶಗಳ ನಡುವೆ. ಅದನ್ನು ದಪ್ಪ ಅಕ್ಷರದಲ್ಲಿ ಬರೆಸಿ ಶಾಲೆಯ ಜಗಲಿಯಲ್ಲಿ ತೂಗುಹಾಕಿಸಿದೆ. ಮಕ್ಕಳು ಅದನ್ನು ಮನೆಯಲ್ಲಿ ಹೇಳುತ್ತಾರೆ ಎಂಬುದು ಹದಿನಾರು ವರ್ಷ ಓದಿದ ನನಗೆ ಹೊಳೆಯಲಿಲ್ಲ.

ಮಾರನೇ ದಿನ ಬೆಳಿಗ್ಗೆ ಮೀನಿನ ಬುಟ್ಟಿ ಹೊತ್ತು ಗಿರಿಜಕ್ಕ ಬಂದಳು. ಕೇರಿಯ ಮೊದಲ ಮನೆ ಅವಳದು. ವಯಸ್ಸು ನಲವತ್ತರ ಮೇಲೆ. ಬುಟ್ಟಿಯನ್ನು ಅಂಗಳದಲ್ಲಿ ಇಳಿಸಿದಳು, ಮುಚ್ಚಿದ ಸೊಪ್ಪನ್ನು ಮಾತ್ರ ತೆಗೆಯಲಿಲ್ಲ.

"ಹ್ವಾಯ್ ಮಾಷ್ಟ್ರೆ, ನಮ್ ಕೇರಿ ಕೆಳಗ್ ಬಿತ್ತಂಬ್ರಲೆ?"

"ಅದು ಬರೀ ಲೆಕ್ಕ ಗಿರಿಜಕ್ಕ, ಬೇಜಾರು ಮಾಡಬೇಡಿ."

"ನಮ್ಮಿಂದ ಮೇಲ್ ಇಪ್ಪು ದೇಶ ಯಾವ್ದ್? ಅಲ್ಲಿ ಸಮುದ್ರ ಇತ್ತಾ?"

ಇಲ್ಲ ಎಂದೆ. ಸುತ್ತಲೂ ಬರೀ ನೆಲ.

"ಸಮುದ್ರ ಇಲ್ದಿದ್ ದೇಶ ನಮ್ಮಿಂದ ಮೇಲಾ?" ಎಂದಳು ಗಿರಿಜಕ್ಕ. ಆಮೇಲೆ ಸ್ವರ ತಗ್ಗಿಸಿ, "ನಾನ್ ಏಳನೇ ಕ್ಲಾಸಲ್ಲಿ ಫಸ್ಟ್ ಬಂದವಳ್ ಮಾಷ್ಟ್ರೆ. ಅಪ್ಪ ತೀರಿಹೋರ್, ಅಮ್ಮ ತಲೆಗ್ ಮೀನ್ ಬುಟ್ಟಿ ಕೊಟ್ರ್. ನಾನಾಯಿ ಬಿಟ್ಟದ್ದಲ್ಲ" ಎಂದಳು.

ಏನಾದರೂ ಹೇಳಬೇಕಲ್ಲ ಎಂದು, ಎಸ್ಸೆಸ್ಸೆಲ್ಸಿಯನ್ನು ಖಾಸಗಿಯಾಗಿಯೂ ಕಟ್ಟಬಹುದು ಎಂದುಬಿಟ್ಟೆ. ಸಮಾಧಾನಕ್ಕೆ ಆಡಿದ ಮಾತು. ಅವಳು ಅದನ್ನು ವ್ಯಾಪಾರದ ಮಾತಿನಂತೆ ಹಿಡಿದಳು. "ನಾನ್ ಪಾಸಾರೆ ಸರಾಸರಿ ಎಷ್ಟಾತ್ತ್?" ಎಂದಳು. ಲೆಕ್ಕ ಹಾಕಿ ಹೇಳಿದೆ: ಐದು ಹೋಗಿ ಐದು ಬಿಂದು ಸೊನ್ನೆ ಏಳು ಚಿಲ್ಲರೆ.

"ಮೂರ್ ಕ್ಲಾಸ್ ಓದಿರೆ ಏರುದ್ ಇಷ್ಟೇಯಾ? ಒಬ್ಳಿಂದ ಆಪು ಕೆಲ್ಸ ಅಲ್ಲ ಇದ್" ಎಂದವಳೇ, ಬಂಗುಡೆ ಕೊಟ್ಟು ಹೋದಳು. ಸಂಜೆ ನಾಲ್ಕೂವರೆಗೆ ಶಾಲೆಯ ಗೇಟಿನಲ್ಲಿ ಗಿರಿಜಕ್ಕ ಸೇರಿ ನಾಲ್ಕು ಹೆಂಗಸರು ನಿಂತಿದ್ದರು. ಎಲ್ಲರೂ ಏಳನೇ ಕ್ಲಾಸು ಪಾಸಾಗಿ ಬಿಟ್ಟವರೇ. ಉಳಿದ ಮೂವರನ್ನು ಅವಳೇ ಕೇರಿಯಿಡೀ ಸುತ್ತಿ ಆರಿಸಿ ತಂದಿದ್ದಳು, ಬುಟ್ಟಿಗೆ ಮೀನು ಆರಿಸುವ ಹಾಗೆ.

ಹೀಗೆ ನನ್ನ ಸಂಜೆಗಳು ಹೋದವು. ಗಣಿತಕ್ಕೂ ವಿಜ್ಞಾನಕ್ಕೂ ಸಹೋದ್ಯೋಗಿಗಳನ್ನು ಕಾಡಿ ಬೇಡಿ ಕರೆತಂದೆ. ಹಿಂದಿಗೆ ಗಿರಿಜಕ್ಕ ಯಾರನ್ನೂ ಬೇಕೆನ್ನಲಿಲ್ಲ. ಮದುವೆಯಾದ ಹೊಸತರಲ್ಲಿ ನಾಲ್ಕು ವರ್ಷ ಮುಂಬಯಿಯಲ್ಲಿ ಮೀನು ಮಾರಿದವಳು, ಹಿಂದಿಯಲ್ಲಿ ಜಗಳವಾಡಬಲ್ಲಳು. ಪರೀಕ್ಷೆಯಲ್ಲಿ ಜಗಳಕ್ಕೆ ಅಂಕವಿಲ್ಲ ಎಂದು ತಿಳಿಸಲು ನನಗೆ ಎರಡು ವಾರ ಬೇಕಾಯಿತು.

ಕೇರಿಯಲ್ಲಿ ಸರಾಸರಿ ಎಂಬ ಶಬ್ದ ಹವಾಮಾನದ ಸುದ್ದಿಯಂತೆ ಹರಡಿತು. ಒಂದು ದಿನವೂ ಶಾಲೆಯ ಮೆಟ್ಟಿಲು ಹತ್ತದ ಶೀನಜ್ಜ ದಾರಿಯಲ್ಲಿ ನನ್ನನ್ನು ತಡೆದು, "ನಾನ್ ಸತ್ರೆ ನಿಮ್ ಲೆಕ್ಕ ಮೇಲ್ ಏರತ್ತಂಬ್ರಲೆ. ಸ್ವಲ್ಪ ತಡ್ಕಣಿ ಮಾಷ್ಟ್ರೆ, ಅವಸರ ಮಾಡ್ಬೇಡಿ" ಎಂದರು. ನಾನು ಬೆವರಿದೆ. ಅವರಿಗೆ ನಗು ತಡೆಯಲಾಗಲಿಲ್ಲ. ಅದೇ ಹೊತ್ತಿಗೆ ಗಿರಿಜಕ್ಕ ಬೋಟಿಗೆ ಹೋಗುವ ಮಗನಿಗೆ ಹೆಣ್ಣು ನೋಡುತ್ತಿದ್ದಳು. ಕಿರಿಮಂಜೇಶ್ವರದ ಕಡೆಯ ಹುಡುಗಿ, ಬಿ.ಎ. ಆದವಳು, ಗಂಡಿಗಿಂತ ಆರು ತಿಂಗಳು ದೊಡ್ಡವಳು. ಪ್ರಾಯ ಇಪ್ಪತ್ತಾರು ಆಯ್ತಲ್ಲ ಎಂದು ಹುಡುಗಿಯ ಮನೆಯವರೇ ಸಂಕೋಚಪಟ್ಟರೆ, "ಇಪ್ಪತ್ತೈದ್ ದಾಟಿದ್ದೇ ಬೇಕಿತ್ತ್" ಎಂದು ಇವಳು ಅಲ್ಲೇ ಒಪ್ಪಿಬಿಟ್ಟಳಂತೆ. ಗಂಡು ಹೆಣ್ಣು ಮೊದಲೇ ಮಾತಾಡಿಕೊಂಡಿದ್ದರು ಎಂದು ಆಮೇಲೆ ತಿಳಿಯಿತು. ಆದರೆ ಆ ಮದುವೆಯ ಕೀರ್ತಿಯೂ ನನ್ನ ಪಟ್ಟಿಗೇ ಬಂತು.

ಪರೀಕ್ಷೆಯ ಮೊದಲ ದಿನ ಗಿರಿಜಕ್ಕ ಕೇಂದ್ರದ ಗೇಟಿನಲ್ಲಿ ನಿಂತುಬಿಟ್ಟಳು. ಒಳಗೆಲ್ಲ ಮಕ್ಕಳ ಪ್ರಾಯದವರು. ಎರಡೂ ಕೈಯನ್ನು ಸೆರಗಿಗೆ ಒರೆಸುತ್ತಲೇ ಇದ್ದಳು. "ಕೈಯಲ್ಲಿ ಮೀನ್ ವಾಸ್ನೆ ಹೋಯ್ಲಿಲ್ಲೆ ಮಾಷ್ಟ್ರೆ. ಬದಿಗ್ ಕೂತವ್ರ್ ಎಂತ ಹೇಳ್ತ್ರೋ" ಎಂದಳು. "ಬದಿಯಲ್ಲಿ ಕೂತವರಿಗೆ ಅವರದೇ ಭಯ ಸಾಕಷ್ಟಿದೆ, ಹೋಗಿ" ಎಂದೆ. ಒಂದು ಕ್ಷಣ ಆಚೀಚೆ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ದಕ್ಕೆಗೆ ಬೋಟು ಬಂದಾಗ ನಡೆಯುವ ಹಾಗೆ ಬಿರಬಿರನೆ ಒಳಗೆ ನಡೆದಳು.

ಫಲಿತಾಂಶ ಬಂದ ದಿನ ಸೊಸೆಯೇ ಪೇಟೆಯ ಕಂಪ್ಯೂಟರ್ ಅಂಗಡಿಗೆ ಹೋಗಿ ನೋಡಿಕೊಂಡು ಬಂದಳು. ಮೂವರು ಪಾಸು. ನಾಲ್ಕನೆಯವಳಿಗೆ ಗಣಿತ ಒಂದು ಉಳಿದಿತ್ತು, ಮರುಪರೀಕ್ಷೆಯಲ್ಲಿ ಅದನ್ನೂ ದಾಟಿದಳು. ಗಿರಿಜಕ್ಕನಿಗೆ ಸಮಾಜ ವಿಜ್ಞಾನದಲ್ಲಿ ಎಂಬತ್ತೊಂದು. ನಾನು ದಿನವಿಡೀ ಕಲಿಸಿದ ಹತ್ತನೇ ತರಗತಿಯಲ್ಲಿ ಯಾರೂ ಎಪ್ಪತ್ತೆಂಟರ ಮೇಲೆ ಹೋಗಿರಲಿಲ್ಲ. ಕೇರಿಯಲ್ಲಿ ಅಂದು ಪಟಾಕಿ ಹೊಡೆದರು. ಸೊಸೆಯೂ ಸೇರಿ ಸರಾಸರಿ ಐದೂವರೆಯ ಹತ್ತಿರ ಬಂತು. ಸಮುದ್ರವಿಲ್ಲದ ದೇಶ ನಮ್ಮ ಕೆಳಗೆ ಹೋಯಿತು. ಎಲ್ಲರಿಗಿಂತ ಹೆಚ್ಚು ಲಾಡು ತಿಂದವರು ಶೀನಜ್ಜ.

ಮಾರನೇ ದಿನ ಗಿರಿಜಕ್ಕ ನಮ್ಮ ಮನೆಗೆ ಲಾಡಿನ ಪೊಟ್ಟಣ ತಂದಳು. ಹೆಂಡತಿಯ ಎದುರೇ ಕೇಳಿದಳು, "ನಿಮ್ದ್ ಎಷ್ಟ್ ವರ್ಷ್ ಮಾಷ್ಟ್ರೆ?"

"ಹದಿನಾರು" ಎಂದೆ, ಸ್ವಲ್ಪ ಎದೆಯುಬ್ಬಿಸಿ.

"ಹದಿನಾರ್ ಆಯಿ ಎಷ್ಟ್ ಕಾಲ ಆಯ್ತ್?"

ಲೆಕ್ಕ ಹಾಕಿದೆ. ಇಪ್ಪತ್ತೆರಡು ವರ್ಷ. "ಅಷ್ಟ್ ಕಾಲದಿಂದ ಅಲ್ಲೇ ನಿಂತ್ರಾ?" ಎಂದಳು ಗಿರಿಜಕ್ಕ. ಹಂಗಿಸಲಿಕ್ಕಲ್ಲ, ನಿಜವಾದ ಕನಿಕರದಿಂದ. ಹೆಂಡತಿ ನಗು ಮುಚ್ಚಲು ಒಳಗೆ ಹೋದಳು.

ಆ ವಾರವೇ ಅಂಚೆ ಮೂಲಕ ಎಂ.ಎ. ಕಲಿಯುವ ಅರ್ಜಿ ತರಿಸಿದೆ. ಹೆಸರು, ವಿಳಾಸ, ಜನ್ಮದಿನಾಂಕ ತುಂಬಿಸಿಯಾಗಿದೆ. "ಈ ಕೋರ್ಸಿಗೆ ಸೇರಲು ನಿಮಗೆ ದೊರೆತ ಪ್ರೇರಣೆ" ಎಂಬ ಕಾಲಂ ಮಾತ್ರ ಇವತ್ತಿಗೂ ಖಾಲಿ ಇದೆ. ಅಲ್ಲಿ ನಿಜ ಬರೆಯುವಷ್ಟು ದೊಡ್ಡ ಮನಸ್ಸು ಹದಿನಾರು ವರ್ಷದ ಓದಿನಲ್ಲಿ ನನಗೆ ಬಂದಿಲ್ಲ.