ಮಾನ್ಯ ಮಾರ್ಚ್ ಹತ್ತೊಂಬತ್ತರವರೇ, ಪಕ್ಕದ ದಿನ ಖಾಲಿ ಇದೆ

ಇತಿಹಾಸಕ್ಕೆ ಅಚ್ಚುಮೆಚ್ಚಿನವರೂ, ಕ್ಯಾಲೆಂಡರಿನಲ್ಲಿ ಕೆಂಪು ಬಣ್ಣವಿಲ್ಲದೆಯೇ ಮೆರೆಯುವವರೂ ಆದ ಮಾನ್ಯ ಮಾರ್ಚ್ ಹತ್ತೊಂಬತ್ತನೇ ತಾರೀಖಿನವರೇ,

ನೀರು ಸರಬರಾಜು ಕಚೇರಿಯ ಗುಮಾಸ್ತನೊಬ್ಬನ ನಮಸ್ಕಾರಗಳು. ನಮ್ಮ ಊರಿನ ನೀರಿನ ಟ್ಯಾಂಕು ಉದ್ಘಾಟನೆಯಾದದ್ದು ತಮ್ಮ ದಿನವೇ, ಅದನ್ನು ಕಟ್ಟಿಸಿದ ಎಂಜಿನಿಯರು ಮುಂದೊಂದು ವರ್ಷ ತೀರಿಕೊಂಡದ್ದೂ ತಮ್ಮ ದಿನವೇ, ನಮ್ಮ ಸಾಹೇಬರು ಹುಟ್ಟಿದ್ದೂ ತಮ್ಮ ದಿನವೇ. ಹೀಗಾಗಿ ಆ ಬೆಳಗ್ಗೆ ಮೀಟರ್ ರಿಪೇರಿ ಕೋಣೆಯ ಬೆಂಚುಗಳನ್ನು ಗೋಡೆಗೆ ಸರಿಸಿ, ಟ್ಯಾಂಕಿಗೆ ಚಪ್ಪಾಳೆ, ಎಂಜಿನಿಯರಿಗೆ ಒಂದು ನಿಮಿಷ ಮೌನ, ಸಾಹೇಬರಿಗೆ ಮತ್ತೆ ಚಪ್ಪಾಳೆ ಮತ್ತು ಕೇಕು ಎಂಬ ಕ್ರಮದಲ್ಲಿ ತಮ್ಮನ್ನು ಗೌರವಿಸುತ್ತೇವೆ.

ಎರಡು ವರ್ಷದ ಹಿಂದೆ ತಾವು ನನ್ನ ಅಮ್ಮನನ್ನೂ ಕರೆಸಿಕೊಂಡಿರಿ. ಇಷ್ಟು ದೊಡ್ಡವರ ನಡುವೆ ಅವಳಿಗೂ ಜಾಗ ಕೊಟ್ಟ ತಮ್ಮ ಔದಾರ್ಯವನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ಹೋದ ವರ್ಷ ಎಂಜಿನಿಯರರ ಆ ಒಂದು ನಿಮಿಷದಲ್ಲಿ ಅಮ್ಮ ನೆನಪಾಗಿ ನಾನು ಬಿಕ್ಕಿ ಬಿಕ್ಕಿ ಅತ್ತದ್ದೇ ತಪ್ಪಾಯಿತು. ಸತ್ತು ಅರವತ್ತು ವರ್ಷವಾದವರಿಗಾಗಿ ಇಷ್ಟು ಅಳುವ ನೌಕರ ಇಲಾಖೆಯ ಹೆಮ್ಮೆ ಎಂದು ಸಾಹೇಬರು ಪ್ರಶಸ್ತಿಪತ್ರವನ್ನೇ ಕೊಟ್ಟುಬಿಟ್ಟರು. ನಾನೂ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡುಬಿಟ್ಟೆ.

ಈ ವರ್ಷ ಅಮ್ಮ ತೀರಿಕೊಂಡ ದಿನವೆಂದು ರಜೆ ಕೇಳಿದರೆ, "ಅಮ್ಮನ್ನ ಭಾನುವಾರ ನೆನೆಸ್ಕೊಳ್ರೀ. ಮೇಲಿನ ಕಚೇರಿಯವರು ಬರ್ತಿದಾರೆ, ಮುಂದಿನ ಸಾಲಲ್ಲೇ ನಿಂತ್ಕೊಂಡು ಹೋದ ಸಲದ ಹಾಗೇ ಅಳಿ" ಎಂದರು. ನಿಂತೆ. ಫೋಟೋದವನು ನನ್ನ ಮುಖಕ್ಕೇ ಕ್ಯಾಮೆರಾ ಹಿಡಿದು ಕಾದ. ಒಂದು ಹನಿಯೂ ಬರಲಿಲ್ಲ. ಸಮಾರಂಭದಲ್ಲಿ ನಿರೀಕ್ಷಿತ ದುಃಖವನ್ನು ವ್ಯಕ್ತಪಡಿಸದಿರಲು ಕಾರಣವೇನೆಂದು ಮೂರು ದಿನದೊಳಗೆ ಲಿಖಿತವಾಗಿ ತಿಳಿಸತಕ್ಕದ್ದು ಎಂಬ ನೋಟಿಸು ಈಗ ನನ್ನ ಮೇಜಿನ ಮೇಲಿದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಯೇನೆಂದರೆ, ಟ್ಯಾಂಕು, ಎಂಜಿನಿಯರು, ಸಾಹೇಬರು ಇವರಲ್ಲಿ ಯಾರನ್ನಾದರೂ ಪಕ್ಕದ ಇಪ್ಪತ್ತನೇ ತಾರೀಖಿಗೆ ವರ್ಗ ಮಾಡಬೇಕು. ಪಾಪ, ಅದಕ್ಕೆ ನಮ್ಮ ಕಚೇರಿಯಲ್ಲಿ ಒಂದು ಚಪ್ಪಾಳೆಯೂ ಇಲ್ಲ. ಅದಾಗದಿದ್ದರೆ ಇನ್ನು ಮುಂದೆ ಪ್ರತಿ ವರ್ಷ ಭಾನುವಾರವೇ ದಯಮಾಡಿಸಬೇಕು. ಅದೂ ಆಗದಿದ್ದರೆ ನನ್ನ ನೋಟಿಸಿಗೆ ತಾವೇ ಉತ್ತರ ಬರೆದುಕೊಡಬೇಕು.

ಮುಂದಿನ ಸಾಲಿನಲ್ಲಿ ನಿಂತೇ ಇರುವ
ತಮ್ಮ ವಿಶ್ವಾಸಿ,
ಪ್ರಶಸ್ತಿ ಪಡೆದ ಗುಮಾಸ್ತ

ತಾ.ಕ.: ಬೆಳಗ್ಗೆ ಎದ್ದೊಡನೆ "ನಲ್ಲೀಲಿ ನೀರು ಬಂತೇನೋ?" ಎಂದು ಕೇಳುವುದು ಅಮ್ಮನ ರೂಢಿ; ಬಾರದಿದ್ದರೆ ಇಡೀ ಇಲಾಖೆಯ ಪರವಾಗಿ ನಾನೇ ಬೈಸಿಕೊಳ್ಳುತ್ತಿದ್ದೆ. ಸಮಾರಂಭದ ಮರುದಿನ ಬೆಳಗ್ಗೆ ನಲ್ಲಿ ತಿರುಗಿಸಿದೆ. ನೀರು ಬಂತು, ಕೇಳುವವರಿರಲಿಲ್ಲ. ಬಕೆಟ್ಟು ತುಂಬಿ ಹರಿದರೂ ಅಲ್ಲೇ ನಿಂತು ಅತ್ತೆ. ಅದು ಇಪ್ಪತ್ತನೇ ತಾರೀಖು. ದಯವಿಟ್ಟು ತಮ್ಮ ಹೆಸರಿಗೆ ಬರೆದುಕೊಳ್ಳಬೇಡಿ. ಸಾಹೇಬರಿಗೂ ತಿಳಿಸಬೇಡಿ, ಆ ದಿನಕ್ಕೂ ಬೆಂಚು ಸರಿಸಲು ಹೇಳಿಯಾರು.